ಸೇತುವೆಯ ಮೇಲೊಂದು ಗಡಿಠಾಣೆ

ಬಸ್ಸಿನಲ್ಲಿ ಎದುರು ಸೀಟಿನ ಹೆಂಗಸು ಬಿಡಿಸಿ ಹಿಡಿದಿದ್ದ ಪುಕ್ಕಟೆ ಪತ್ರಿಕೆಯ ಹಿಂಬದಿ ಪುಟದಲ್ಲಿ ವಾಮನ ತನ್ನನ್ನೇ ಕಂಡ. ತಲೆಯ ಮೇಲೆ ಕಡುನೀಲಿ ಟೊಪ್ಪಿ, ಎದೆಯ ಮೇಲೆ ತಗಡಿನ ಬಿಲ್ಲೆ, ಮುಂದಕ್ಕೆ ಚಾಚಿದ ಬಲಗೈ. ಚಾಚಿದ ಕೈ ಯಾರ ಕಡೆಗೆ ಎಂಬುದು ಹೆಂಗಸಿನ ಹೆಬ್ಬೆರಳಿನಡಿ ಮುಚ್ಚಿಹೋಗಿತ್ತು. ಬಾಡ್‌ಹೂವೆಡಾರ್ಪ್‌ನಿಂದ ಹೂಫ್‌ಡಾರ್ಪ್‌ಗೆ ಹೋಗುವ ಬಸ್ಸಿನಲ್ಲಿ ಐದು ವರ್ಷದಿಂದ ದಿನವೂ ಕೂತು ಹೋಗುತ್ತಿದ್ದವನಿಗೆ ಇವತ್ತು ಕಾಲು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಆ ಬೆರಳು ಸರಿಯಲಿ ಎಂದೂ, ಸರಿಯದಿರಲಿ ಎಂದೂ ಒಟ್ಟಿಗೇ ಬೇಡಿಕೊಂಡ. ಬಸ್ಸು ವಿಮಾನ ನಿಲ್ದಾಣ ದಾಟುವಾಗ ಹೆಂಗಸು ಪುಟ ಮಗುಚಿದಳು; ಅರೆಕ್ಷಣ ಬೆರಳಿನಡಿಯ ಮುಖ ಕಂಡಿತು. ನಾಯಿ ಹಿಡಿದುಕೊಂಡು ಬಂದಿದ್ದ ಮುದುಕನದು. ಅಡುಗೆ ಕಿಟ್ಟಣ್ಣನದಲ್ಲ. ಸದ್ಯ, ಎಂದು ಉಸಿರು ಬಿಟ್ಟ. ಬಿಟ್ಟ ಕೂಡಲೇ ಆ ಉಸಿರಿನ ಬಗ್ಗೆ ಅವನಿಗೇ ಹೇಸಿಗೆಯಾಯಿತು. ಹೆಂಗಸು ತಲೆಯೆತ್ತಿದಳು. ಗುರುತು ಹಿಡಿದಳೇನೋ ಎಂದು ವಾಮನ ಟೈ ಸರಿಮಾಡಿಕೊಂಡ. ಅವಳು ನೋಡಿದ್ದು ಅವನ ಹಿಂದಿನ ಕಿಟಕಿಯನ್ನು. ಟೊಪ್ಪಿಯಿಲ್ಲದ ತನ್ನನ್ನು ಇಲ್ಲಿ ಯಾರೂ ನೋಡುವುದಿಲ್ಲ ಎಂಬುದು ಅವನಿಗೆ ಹೊಸದೇನಲ್ಲ.

ಆಫೀಸಿನಲ್ಲಿ ಪತ್ರಿಕೆಯ ಅದೇ ಪುಟವನ್ನು ಕಾಫಿ ಯಂತ್ರದ ಮೇಲೆ ಅಂಟಿಸಿದ್ದರು. ಸರಕು ವಿಮಾನಗಳ ಹೊಟ್ಟೆಯೊಳಗೆ ಯಾವ ಪೆಟ್ಟಿಗೆ ಎಲ್ಲಿ ಕೂರಬೇಕೆಂದು ಲೆಕ್ಕ ಹಾಕುವ ಕಂಪನಿ ಅದು. ವಾಮನ ಅಲ್ಲಿ ಭಾರದ ಹಂಚಿಕೆ ನೋಡುವವನು. ಒಂದು ಪೆಟ್ಟಿಗೆ ಹಿಂದೆ ಬಿದ್ದರೆ ವಿಮಾನದ ಮೂಗು ಮೇಲೇಳುತ್ತದೆ, ಆದ್ದರಿಂದ ಯಾರಿಗೂ ಕಾಣದ ಕಡೆ ಎಲ್ಲವೂ ಸಮವಾಗಿರಬೇಕು ಎಂದು ಮಗಳಿಗೆ ಒಮ್ಮೆ ವಿವರಿಸಿದ್ದ. ಮೈಸೂರಿನ ಹುಡುಗ ಚರಣ್ ಕಾಫಿ ಕಪ್ ಹಿಡಿದು ಅವನ ಮೇಜಿಗೇ ಬಂದ.

“ಏನ್ ಸರ್, ಸ್ಟಾರ್ ಆಗ್ಬಿಟ್ರಿ. ಸಖತ್ ಪರ್ಫಾರ್ಮೆನ್ಸ್ ಅಂತೆ. ನಮ್ ಮ್ಯಾನೇಜರ್ ಹೆಂಡ್ತೀನೂ ನಿಂತಿದ್ರಂತೆ ಕ್ಯೂನಲ್ಲಿ.”

“ಹಂಗೇನಿಲ್ಲ. ಮಗಳ ಡ್ರಾಯಿಂಗ್ ಟೀಚರ್ ಕೇಳಿದ್ರು, ಹೋದೆ.”

“ಮತ್ತೆ ಅಲ್ಲಿ ನಿಜವಾಗ್ಲೂ ಒಬ್ಬನ್ನ ಪೊಲೀಸ್ನೋರು ಕರ್ಕೊಂಡ್ಹೋದ್ರಂತಲ್ಲ. ಇಂಡಿಯನ್ ಅಂತಿದ್ರು. ನಿಮಗೆ ಗೊತ್ತಿರೋರಾ?”

“ಇಲ್ಲ,” ಎಂದ ವಾಮನ. ಹೇಳಿದ ಮೇಲೆ ಕಂಪ್ಯೂಟರಿನ ಕಡೆ ತಿರುಗಿ, ಪರದೆಯ ಮೇಲಿದ್ದ ಪೆಟ್ಟಿಗೆಯೊಂದನ್ನು ಕಾರಣವಿಲ್ಲದೆ ಎಡದಿಂದ ಬಲಕ್ಕೆ ಸರಿಸಿದ. ಎಷ್ಟು ಸಲೀಸಾಗಿ ಬಂತು ಆ ಶಬ್ದ. ನಾಲಿಗೆ ಅದನ್ನು ಬಾಯೊಳಗೆ ಸಿದ್ಧ ಮಾಡಿಟ್ಟುಕೊಂಡು ಯಾರಾದರೂ ಕೇಳಲಿ ಎಂದೇ ಕಾದಿದ್ದಂತಿತ್ತು.

ಮಾರ್ಗ್ರೀತ್ ಕೇಳಿದಾಗ ಬೇಡವೆಂದಿದ್ದರೆ ಮುಗಿಯುತ್ತಿತ್ತು. ಬಾಡ್‌ಹೂವೆಡಾರ್ಪ್‌ನ ಸಮುದಾಯ ಭವನದಲ್ಲಿ ಬುಧವಾರ ಮಧ್ಯಾಹ್ನ ಮಕ್ಕಳಿಗೆ ಚಿತ್ರ ಕಲಿಸುವ, ಅರವತ್ತರ ಹತ್ತಿರದ, ಮೊಣಕೈವರೆಗೆ ಬಣ್ಣ ಮೆತ್ತಿಕೊಂಡ ಹೆಂಗಸು. ಶ್ರೇಯಾಳನ್ನು ಕರೆದುಕೊಂಡು ಬರಲು ಹೋದ ಒಂದು ಬುಧವಾರ ಅವಳು ವಾಮನನ ಮುಖವನ್ನು, ಮಾರಾಟಕ್ಕಿಟ್ಟ ಕುರ್ಚಿಯನ್ನು ನೋಡುವಂತೆ ಸುತ್ತಲಿಂದ ನೋಡಿ, ಈ ಮುಖ ನನಗೆ ಒಂದು ಶನಿವಾರದ ಮಟ್ಟಿಗೆ ಬೇಕು ಎಂದಿದ್ದಳು. ಕಾಲುವೆಯ ಆಚೆ, ಓಸ್‌ಡಾರ್ಪ್‌ನ ಖಾಲಿ ಜಾಗದಲ್ಲಿ, ಆಶ್ರಯ ಕೋರಿದ ಅರ್ಜಿ ತಿರಸ್ಕೃತವಾಗಿ ಇರಲೂ ಆಗದೆ ಹೋಗಲೂ ಆಗದೆ ಉಳಿದ ಜನ ಡೇರೆ ಹಾಕಿಕೊಂಡು ಕೂತಿದ್ದರು. ಅವರನ್ನು ಅಲ್ಲಿಂದ ಎಬ್ಬಿಸಬೇಕೆಂಬ ಮಾತು ನಡೆದಿತ್ತು. ಅವರ ಪರವಾಗಿ ಮಾರ್ಗ್ರೀತ್ ಕಾಲುವೆಯ ಸೇತುವೆಯ ಮೇಲೆ ಒಂದು ಗಡಿಯನ್ನೇ ಕಟ್ಟಲು ಹೊರಟಿದ್ದಳು. ಹಲಗೆಯ ಗೂಡು, ಕೆಂಪು ಬಿಳಿ ಪಟ್ಟೆಯ ಅಡ್ಡಗಂಬ, ರಸ್ತೆಗೆ ಅಡ್ಡಲಾಗಿ ಗೇಣಗಲದ ಬಿಳಿಗೆರೆ, ಪಕ್ಕದಲ್ಲಿ ಕಾಯುವವರಿಗೆ ಉದ್ದ ಬೆಂಚು. ಗೂಡಿನೊಳಗೆ ಅಧಿಕಾರಿಗಳಾಗಿ ಹೊರಗಿನಿಂದ ಬಂದವರೇ ಇರುತ್ತಾರೆ. ಈ ನೆಲದಲ್ಲೇ ಹುಟ್ಟಿದ ಬಿಳಿಯರನ್ನು ತಡೆಯಬೇಕು, ಕಾಗದ ಕೇಳಬೇಕು, ನಂಬರು ಕೊಟ್ಟು ಬೆಂಚಿನ ಮೇಲೆ ಕೂರಿಸಬೇಕು. ವಾಮನನಂಥವರು ಬಂದರೆ ‘ಸುಸ್ವಾಗತ’ ಎಂದು ಅಡ್ಡಗಂಬ ಎತ್ತಿ ಬಿಟ್ಟುಬಿಡಬೇಕು. “ಒಂದೇ ನಿಯಮ,” ಎಂದಿದ್ದಳು ಮಾರ್ಗ್ರೀತ್, “ಏನೇ ಆದರೂ ವೇಷ ಕಳಚಬಾರದು. ನಿಜವಾದ ಗಡಿಯಲ್ಲಿ ಯಾರೂ ನಿಮಗೆ ಕಣ್ಣು ಮಿಟುಕಿಸಿ, ಇದೆಲ್ಲ ಸುಮ್ಮನೆ ಅನ್ನುವುದಿಲ್ಲವಲ್ಲ.” ವಾಮನ ಆಗಲಿ ಎಂದಿದ್ದ. ಆಗುವುದಿಲ್ಲ ಎನ್ನಲು ಡಚ್ ಭಾಷೆಯಲ್ಲಿ ಎಷ್ಟು ಬಗೆಗಳಿವೆ ಎಂದು ತರಗತಿಯಲ್ಲಿ ಕಲಿತಿದ್ದ. ಪರೀಕ್ಷೆಯಲ್ಲಿ ಬರೆದೂ ಇದ್ದ.

ಆದರೆ ಅದೊಂದೇ ಅಲ್ಲ. ಮನಸ್ಸಿನ ತಳದಲ್ಲಿ ಆಸೆಯೂ ಇತ್ತು. ಎರಡು ವರ್ಷಕ್ಕೊಮ್ಮೆ ಊರಿಂದ ಹಿಂತಿರುಗುವಾಗ ವಿಮಾನ ನಿಲ್ದಾಣದ ಗಾಜಿನ ಕಿಂಡಿಯ ಮುಂದೆ ಅವನ ಭುಜಗಳು ತಾವಾಗಿಯೇ ಒಳಕ್ಕೆ ಬಾಗುತ್ತವೆ. ಕಿಂಡಿಯೊಳಗಿನ ಹುಡುಗ, ಚರಣ್‌ಗಿಂತ ಚಿಕ್ಕವನು, ಪಾಸ್‌ಪೋರ್ಟಿನ ಹಾಳೆಗಳನ್ನು ಹೆಬ್ಬೆರಳಿಂದ ಸರ್ರನೆ ಹಾರಿಸಿ, ಮುಖ ನೋಡಿ, ಮತ್ತೆ ಫೋಟೋ ನೋಡಿ, ಮತ್ತೆ ಮುಖ ನೋಡುವಷ್ಟು ಹೊತ್ತು ವಾಮನ ನಗಬೇಕೋ ಬೇಡವೋ ಎಂದು ತಿಳಿಯದೆ ಅರ್ಧ ನಗುತ್ತಾನೆ. ಆ ಅರ್ಧ ನಗು ಅವನ ಜೀವನದ ಅತ್ಯಂತ ನಾಚಿಕೆಗೇಡಿನ ವಸ್ತು. ಶನಿವಾರ ಬೆಳಿಗ್ಗೆ ಟೊಪ್ಪಿ ಇಟ್ಟುಕೊಂಡು ಗೂಡಿನೊಳಗೆ ನಿಂತಾಗ ಮೊದಲ ಐದು ನಿಮಿಷ ಅದೇ ನಗು ತುಟಿಗೆ ಬಂತು. ಆಮೇಲೆ ತನಗಿಂತ ಒಂದು ಮೊಳ ಎತ್ತರದ, ಸೈಕಲ್ಲಿನ ಬುಟ್ಟಿಯಲ್ಲಿ ಹೂಕೋಸು ಇಟ್ಟುಕೊಂಡಿದ್ದ ಗಂಡಸೊಬ್ಬ ಎದುರು ನಿಂತ. “ಪಪೀರನ್,” ಎಂದ ವಾಮನ. ಕಾಗದ. ಗಂಡಸು ನಕ್ಕ. ವಾಮನ ನಗಲಿಲ್ಲ. ನೀವು ಇಲ್ಲಿಗೆ ಯಾಕೆ ಬಂದಿರಿ, ಎಷ್ಟು ದಿನ ಇರುತ್ತೀರಿ, ವಾಪಸು ಹೋಗುತ್ತೀರೆಂಬುದಕ್ಕೆ ಏನು ಆಧಾರ ಎಂದು ಕೇಳುತ್ತ ಹೋದ ಹಾಗೆ ಗಂಡಸಿನ ಭುಜಗಳು ಬಾಗುವುದನ್ನು ನೋಡಿದ. ಅವನ ಡಚ್ ಅಂದು ಎಲ್ಲೂ ತಡವರಿಸಲಿಲ್ಲ. ಕ್ರಿಯಾಪದಗಳು ಸರಿಯಾದ ಜಾಗದಲ್ಲಿ ಬಂದು ಕೂತವು. ನಂಬರು ಕೊಟ್ಟು ಬೆಂಚು ತೋರಿಸಿದ. ಪಕ್ಕದ ಕಿಂಡಿಯಲ್ಲಿದ್ದ ಸುರಿನಾಮ್ ದೇಶದಿಂದ ಬಂದ ಬಸ್ ಡ್ರೈವರ್ ಹೆಂಗಸು, “ಎಲ್ಲಿ ಅಡಗಿಸಿಟ್ಟಿದ್ರಿ ಇದನ್ನ?” ಎಂದು ಮೆಲ್ಲಗೆ ಕೇಳಿದಳು. ಹನ್ನೊಂದು ಗಂಟೆಯ ಹೊತ್ತಿಗೆ ಬೆಂಚು ತುಂಬಿತ್ತು, ಸಾಲು ಸೇತುವೆಯ ತುದಿ ಮುಟ್ಟಿತ್ತು, ಪತ್ರಿಕೆಯ ಫೋಟೋಗ್ರಾಫರ್ ಬಂದಿದ್ದ. ನಗರಸಭೆ ಅನುಮತಿ ಕೊಡುವಾಗ ಹಾಕಿದ ಷರತ್ತಿನಂತೆ ಇಬ್ಬರು ನಿಜವಾದ ಪೊಲೀಸರು ಸೈಕಲ್ಲಿಗೆ ಒರಗಿ ಮಾರ್ಗ್ರೀತ್ ಕೊಟ್ಟ ಕಾಫಿ ಕುಡಿಯುತ್ತಿದ್ದರು. ವಾಮನನಿಗೆ ಹಸಿವಾಗಿರಲಿಲ್ಲ, ಬಾಯಾರಿರಲಿಲ್ಲ. ಅವನು ಸಂತೋಷವಾಗಿದ್ದ. ಈಗ ಪರದೆಯ ಮೇಲಿನ ಪೆಟ್ಟಿಗೆಗಳನ್ನು ನೋಡುತ್ತ ಕೂತಾಗ ಎಲ್ಲಕ್ಕಿಂತ ಚುಚ್ಚುವುದು ಅದೇ. ಅವನು ಅಷ್ಟು ಸಂತೋಷವಾಗಿದ್ದದ್ದು.

ಸಂಜೆ ಮನೆಗೆ ಬಂದಾಗ ಅಮಿತಾ ಫೋನು ಕೆಳಗಿಟ್ಟು ಅವನ ಕಡೆ ನೋಡಿದಳು.

“ಕನ್ನಡ ಬಳಗದ ಜಲಜಾಕ್ಷಿ ಫೋನ್ ಮಾಡಿದ್ರು. ದೀಪಾವಳಿ ಊಟಕ್ಕೆ ಬೇರೆ ಯಾರನ್ನಾದ್ರೂ ನೋಡ್ಬೇಕಂತೆ. ಅಡುಗೆ ಕಿಟ್ಟಣ್ಣನೇ ಅಂತೆ ಕಣ್ರೀ ಶನಿವಾರ ಸಿಕ್ಕಿಬಿದ್ದಿದ್ದು. ನೀವು ಅಲ್ಲೇ ಇದ್ರಲ್ಲ, ನೋಡ್ಲಿಲ್ವಾ?”

“ತುಂಬ ಜನ ಇದ್ರು.”

“ಪಾಪ. ಪೇಪರ್ಸ್ ಇರ್ಲಿಲ್ಲ ಅನ್ನೋದೇ ಯಾರಿಗೂ ಗೊತ್ತಿರ್ಲಿಲ್ವಂತೆ.” ಫೋನನ್ನು ಮಗುಚಿಟ್ಟು, “ರೀ, ಇನ್ಮೇಲೆ ಇಂಥದಕ್ಕೆಲ್ಲ ಹೋಗ್ಬೇಡಿ. ನಮ್ಮ ಸಿಟಿಜನ್‌ಶಿಪ್ ಅರ್ಜಿ ಇನ್ನೂ ಅವರ ಟೇಬಲ್ ಮೇಲಿದೆ,” ಎಂದಳು. ಅವಳ ದನಿಯಲ್ಲಿ ಗದರಿಕೆ ಇರಲಿಲ್ಲ, ದಣಿವಿತ್ತು. ಶ್ರೇಯಾ ಸೋಫಾದಲ್ಲಿ ಕೂತಲ್ಲಿಂದ ಇಂಗ್ಲಿಷಿನಲ್ಲಿ, ಆ ಅಂಕಲ್ ನಿಜವಾಗಲೂ ಅಳುತ್ತಿದ್ದರಾ ಅಥವಾ ಆ್ಯಕ್ಟಿಂಗಾ ಎಂದು ಕೇಳಿದಳು. ಯಾರೂ ಅಳುತ್ತಿರಲಿಲ್ಲ ಎಂದ ವಾಮನ. ಅದು ನಿಜವಾಗಿತ್ತು. ಆ ದಿನ ಅವನು ಆಡಿದ ಮೊದಲ ನಿಜ.

ಪೇಪರ್ಸ್ ಇಲ್ಲವೆಂಬುದು ಒಬ್ಬನಿಗೆ ಗೊತ್ತಿತ್ತು. ಅಮಿತಾ ಮೈಸೂರಿನವಳು, ಮನೆಯ ಮಾತು ಕನ್ನಡ. ವಾಮನನ ತುಳು ವಾರಕ್ಕೊಮ್ಮೆ ಊರಾದ ಕಟಪಾಡಿಗೆ ಮಾಡುವ ಫೋನಿಗೆ ಸೀಮಿತವಾಗಿತ್ತು, ಅಮ್ಮ ಹೋದ ಮೇಲೆ ಅದೂ ಇಲ್ಲ. ಬಳಗದ ಊಟದ ದಿನಗಳಲ್ಲಿ ಭವನದ ಹಿಂದಿನ ಅಡುಗೆಮನೆಗೆ ನೀರು ತರುವ ನೆವ ಮಾಡಿ ಹೋಗುತ್ತಿದ್ದ. ಐವತ್ತೈದು ದಾಟಿದ ಕಿಟ್ಟಣ್ಣ, ತೆಂಗಿನಕಾಯಿ ತುರಿಯುತ್ತಲೇ, ತಲೆಯೆತ್ತದೆ, “ಬಲೆ ಅಣ್ಣೆರೆ,” ಬನ್ನಿ ಅಣ್ಣ, ಎಂದು ತುಳುವಿನಲ್ಲಿ ಕರೆಯುತ್ತಿದ್ದ. ತನಗಿಂತ ಹನ್ನೆರಡು ವರ್ಷ ಚಿಕ್ಕವನನ್ನು ಅವನು ಅಣ್ಣೆರೆ ಎಂದೇ ಕರೆದದ್ದು. ಹತ್ತು ನಿಮಿಷ ಏನೇನೋ ಮಾತು; ಇಲ್ಲಿ ಸಿಗುವ ಬಂಗುಡೆ ಮೀನು ಯಾವ ಲೋಕದ್ದು, ಇಲ್ಲಿಯ ಮಳೆಗೆ ಸದ್ದೇ ಇಲ್ಲವಲ್ಲ ಎಂಬಂಥವು. ಅಷ್ಟು ಮಾತಾಡಿ ಹೊರಗೆ ಬಂದರೆ ವಾಮನನಿಗೆ ಮೈ ತೊಳೆದುಕೊಂಡಂತಾಗುತ್ತಿತ್ತು. ಹೋದ ಚಳಿಗಾಲದಲ್ಲಿ ಒಂದು ದಿನ ಕಿಟ್ಟಣ್ಣ ಕೈ ಒರೆಸಿಕೊಂಡು, ಜಾಕೆಟ್ಟಿನ ಒಳಜೇಬಿನಿಂದ ಒಂದು ಲಕೋಟೆ ತೆಗೆದು, ಇದನ್ನು ಸ್ವಲ್ಪ ಓದಿ ಹೇಳಿ ಎಂದ. ಅಡುಗೆಮನೆಯ ಡಚ್ ಒಂದಿಷ್ಟು ಅವನ ಕಿವಿಗೆ ಬಿದ್ದಿತ್ತು, ಓದಲು ಬರುತ್ತಿರಲಿಲ್ಲ. ಅವನನ್ನು ಕರೆಸಿಕೊಂಡಿದ್ದ ಹೋಟೆಲು ಮುಚ್ಚಿಹೋಗಿ ಪರವಾನಗಿ ಮುಗಿದಿತ್ತು. ಇಪ್ಪತ್ತೆಂಟು ದಿನಗಳೊಳಗೆ ದೇಶ ಬಿಡಬೇಕೆಂದು ಕಾಗದ ಹೇಳುತ್ತಿತ್ತು. ವಾಮನ ಓದಿ ಹೇಳಿದ. ಕಿಟ್ಟಣ್ಣ ಲಕೋಟೆಯನ್ನು ಇದ್ದ ಗೆರೆಯ ಮೇಲೇ ಮಡಿಸಿ ಮತ್ತೆ ಒಳಜೇಬಿಗೆ ಸೇರಿಸಿ, “ಆಯ್ತು. ಈ ವಿಷಯ ನಿಮ್ಮಲ್ಲೇ ಇರಲಿ,” ಎಂದ. ವಾಮನ ತಲೆಯಾಡಿಸಿದ. ಅದರ ನಂತರದ ಯುಗಾದಿ ಊಟಕ್ಕೆ ಹೋದಾಗ ನೀರು ಬೇಕೆನಿಸಲಿಲ್ಲ. ಗೌರಿ ಹಬ್ಬಕ್ಕೆ ಹೋದಾಗಲೂ ಅಡುಗೆಮನೆಯ ಬಾಗಿಲ ಕಡೆ ಬೆನ್ನು ಹಾಕಿ ಕೂತ. ತನ್ನ ಅರ್ಜಿ ಇಲಾಖೆಯಲ್ಲಿರುವಾಗ ಕಾಗದವಿಲ್ಲದವನ ಗುಟ್ಟು ಇಟ್ಟುಕೊಳ್ಳುವುದು ಅಪರಾಧವೇ ಎಂದು ಒಂದು ಮಧ್ಯಾಹ್ನ ಇಂಟರ್‌ನೆಟ್ಟಿನಲ್ಲಿ ಹುಡುಕಿಯೂ ಇದ್ದ.

ಶನಿವಾರ ಹನ್ನೊಂದೂವರೆಗೆ ಸೇತುವೆಯ ಬಾಡ್‌ಹೂವೆಡಾರ್ಪ್ ಕಡೆಯಿಂದ ಸೈಕಲ್ ತುಳಿದುಕೊಂಡು ಬಂದ ಕಿಟ್ಟಣ್ಣ. ಕ್ಯಾರಿಯರಿನ ಎರಡೂ ಬದಿಯ ಚೀಲಗಳಲ್ಲಿ ಸೊಪ್ಪು. ಕಾಲುವೆಯಾಚೆ ಯಾವುದೋ ಅಡುಗೆಮನೆಗೆ ಕೆಲಸಕ್ಕೆ ಹೊರಟಿದ್ದಿರಬೇಕು. ಸೇತುವೆಯ ಬುಡದಲ್ಲಿ ಇದೊಂದು ಕಲಾಕೃತಿ ಎಂದು ಡಚ್‌ನಲ್ಲಿ ಬರೆದ ಫಲಕವಿತ್ತು. ಅದರ ಪಕ್ಕದಲ್ಲೇ ಹಾದು ಬಂದ. ಟೊಪ್ಪಿಗಳನ್ನು, ಅಡ್ಡಗಂಬವನ್ನು, ಪೊಲೀಸರನ್ನು ಕಂಡಾಗ ತಿರುಗಿಸಲು ತಡವಾಗಿತ್ತು. ಹಿಂದೆ ಜನ, ಮುಂದೆ ಜನ. ಸೈಕಲ್ಲಿನಿಂದ ಇಳಿದ. ಅವನ ಮುಖದಿಂದ ಬಣ್ಣ ಇಳಿಯುವುದನ್ನು ವಾಮನ ಗೂಡಿನೊಳಗಿಂದ ನೋಡಿದ. ನಿಯಮದ ಪ್ರಕಾರ ಅವನನ್ನು ಬಿಟ್ಟುಬಿಡಬೇಕಿತ್ತು. ವಾಮನ ಅಡ್ಡಗಂಬದ ಹಗ್ಗಕ್ಕೆ ಕೈ ಹಾಕಿಯೂ ಇದ್ದ. ಆಗ ಸಾಲಿನ ಮುಂದಿದ್ದ, ನಾಯಿ ಹಿಡಿದುಕೊಂಡಿದ್ದ ಆ ಮುದುಕ, “ಹೌದಪ್ಪ,” ಎಂದ, “ನಮ್ಮನ್ನು ನಿಲ್ಲಿಸ್ತೀರಿ, ನಿಮ್ಮವರನ್ನು ಸುಮ್ಮನೆ ಬಿಡ್ತೀರಿ.” ಸಾಲಿನಲ್ಲಿ ಕೆಲವರು ನಕ್ಕರು. ಮುದುಕ ನಗಲಿಲ್ಲ. ಆ ಮಾತು ಹೊರಬೀಳಲಿ ಎಂದೇ ಮಾರ್ಗ್ರೀತ್ ಈ ಗೂಡು ಕಟ್ಟಿಸಿದ್ದು. ಆ ಮಾತು ಬಂದಾಗ ಹೆಮ್ಮೆಯಿಂದ ಹಗ್ಗ ಎಳೆಯಬೇಕಿತ್ತು. ಆದರೆ ‘ನಿಮ್ಮವರು’ ಎಂಬ ಶಬ್ದ ವಾಮನನ ಕೆನ್ನೆಗೆ ಬಿಸಿಯಾಗಿ ತಾಗಿತು. ಬೆಳಗಿನಿಂದ ಕಟ್ಟಿಕೊಂಡು ಬಂದಿದ್ದ ಅಧಿಕಾರಿ ಒಮ್ಮೆಗೇ ಕುಸಿದು, ಒಳಗಿದ್ದ ಅರ್ಧ ನಗುವಿನ ಮನುಷ್ಯ ಎಲ್ಲರಿಗೂ ಕಂಡುಬಿಟ್ಟನೇನೋ ಎನಿಸಿತು. ತಾನು ಪಕ್ಷಪಾತಿಯಲ್ಲ, ಕಾಯಿದೆ ಎಲ್ಲರಿಗೂ ಒಂದೇ, ಎಂದು ಆ ಮುದುಕನಿಗೆ ತೋರಿಸಿಬಿಡಬೇಕೆನ್ನಿಸಿತು. ಹಗ್ಗ ಬಿಟ್ಟು ಕೈ ಮುಂದೆ ಚಾಚಿದ.

ಕಿಟ್ಟಣ್ಣ ತಲೆಯೆತ್ತಿದ. ಟೊಪ್ಪಿಯ ಕೆಳಗಿನ ಮುಖ ಯಾರದೆಂದು ಕಂಡು, ಭಯದ ನಡುವೆಯೇ ಅವನ ಕಣ್ಣಂಚಿನಲ್ಲಿ ಗುರುತಿನ ನಗು ಹುಟ್ಟಿತು. “ಅಣ್ಣೆರೆ,” ಎನ್ನಲು ತುಟಿ ತೆರೆದ.

“ಪಪೀರನ್,” ಎಂದ ವಾಮನ.

ಉಂದು ನಾಟಕ. ಎರಡು ಶಬ್ದ ಸಾಕಿತ್ತು. ಇದು ನಾಟಕ ಎಂದು ತುಳುವಿನಲ್ಲಿ ಗೊಣಗಿದ್ದರೆ ಅಲ್ಲಿ ಇನ್ನಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಬಾಯಿಂದ ಆ ಭಾಷೆ ಬಂದ ಕೂಡಲೇ ಮುದುಕನ ಮಾತು ನಿಜವಾಗುತ್ತಿತ್ತು. ಫೋಟೋಗ್ರಾಫರ್ ಮೊಣಕಾಲೂರಿ ಕೂತಿದ್ದ. ಕಿಟ್ಟಣ್ಣನ ಮುಖದ ನಗು ಹಿಂದಕ್ಕೆ ಹೋಯಿತು, ಯಾರೋ ಬಾಗಿಲು ತೆರೆದು ಒಳಗೆ ಬೇರೆಯವರಿರುವುದನ್ನು ಕಂಡು ಮೆಲ್ಲಗೆ ಮುಚ್ಚಿಕೊಂಡು ಹೋದಂತೆ. ವಾಮನ ಏರ್‌ಪೋರ್ಟ್ ಕಡೆ ಕೆಲಸ ಮಾಡುವವನೆಂದು ಅವನಿಗೆ ಗೊತ್ತಿತ್ತು, ಯಾವ ಕೆಲಸವೆಂದು ಕೇಳಿರಲಿಲ್ಲ. ಲಕೋಟೆಯೊಳಗಿನ ಇಪ್ಪತ್ತೆಂಟು ದಿನಗಳ ಲೆಕ್ಕ ಈ ಮನುಷ್ಯನಿಗೆ ತಿಳಿದಿದೆ ಎಂಬುದು ಗೊತ್ತಿತ್ತು. ಎರಡನ್ನೂ ಕೂಡಿಸಿಕೊಂಡಿರಬೇಕು. ಅವನು ವಾಮನ ಕೊಟ್ಟ ನಂಬರನ್ನು ತೆಗೆದುಕೊಂಡ, ಸೈಕಲ್ಲನ್ನು ಯಾರಿಗೂ ಅಡ್ಡವಾಗದಂತೆ ಕಂಬಿಗೆ ಒರಗಿಸಿದ, ಬೆಂಚಿನ ತುದಿಯಲ್ಲಿ, ಹೂಕೋಸಿನ ಗಂಡಸಿನ ಪಕ್ಕ ಹೋಗಿ ಕೂತ.

ಹೆಚ್ಚುಕಡಿಮೆ ಒಂದೂವರೆ ಗಂಟೆ ಕೂತ. ಮುಂದಿನ ಇಬ್ಬರನ್ನು ವಿಚಾರಿಸಿ ಹೋಗಿ ಹೇಳೋಣ ಎಂದುಕೊಂಡ ವಾಮನ. ಆ ಇಬ್ಬರು ಮುಗಿದಾಗ ಟಿ.ವಿ.ಯವರೆಂದು ಯಾರೋ ಬಂದರು. ಮಾರ್ಗ್ರೀತ್ ಟ್ರೇ ಹಿಡಿದು ಬೆಂಚಿನವರಿಗೆ ಕಾಫಿ ಕೊಟ್ಟಾಗ ಉಳಿದವರೆಲ್ಲ ಕೂತೇ ತೆಗೆದುಕೊಂಡರು, ಕಿಟ್ಟಣ್ಣ ಎದ್ದು ನಿಂತು ತೆಗೆದುಕೊಂಡ. ಅದನ್ನು ಕಂಡ ವಾಮನ, ಈಗಲೇ ಹೋಗಬೇಕು ಎಂದುಕೊಂಡ. ಹೋದರೆ ಏನೆಂದು ಶುರುಮಾಡುವುದು? ಮೊದಲೇ ಯಾಕೆ ಹೇಳಲಿಲ್ಲ ಎಂದು ಅವನ ಕಣ್ಣು ಕೇಳಿದರೆ? ಹೇಳದೆ ಕಳೆದ ಒಂದೊಂದು ನಿಮಿಷವೂ ಹೇಳುವುದನ್ನು ಇನ್ನಷ್ಟು ಕಷ್ಟ ಮಾಡುತ್ತ ಹೋಯಿತು. ಒಂದು ಗಂಟೆಗೆ ಎಲ್ಲ ಮುಗಿಯುತ್ತದೆ, ಟೊಪ್ಪಿ ತೆಗೆದು ನಗುತ್ತ ಹೋಗಿ ಬೆನ್ನು ತಟ್ಟಿದರಾಯಿತು, ಅವನೂ ನಗುತ್ತಾನೆ ಎಂದು ತನಗೆ ತಾನೇ ಮಾತು ಕೊಟ್ಟುಕೊಂಡ. ಒಂದು ಗಂಟೆಗೆ ಹತ್ತು ನಿಮಿಷವಿದ್ದಾಗ ಪೊಲೀಸರಲ್ಲಿ ಚಿಕ್ಕವನು, ಬೇಸರ ಕಳೆಯಲೆಂದು ಬೆಂಚಿನಲ್ಲಿ ಖಾಲಿಯಾಗಿದ್ದ ಜಾಗಕ್ಕೆ ಬಂದು ಕೂತು, ಕಿಟ್ಟಣ್ಣನ ಕಡೆ ತಿರುಗಿ, “ನಿಮ್ಮನ್ನೂ ಕೂರಿಸಿಬಿಟ್ಟರಾ?” ಎಂದು ತಮಾಷೆಗೆ ಕೇಳಿದ. ಕಿಟ್ಟಣ್ಣ ತಕ್ಷಣ ಎದ್ದ. ಒಳಜೇಬಿನಿಂದ ಲಕೋಟೆ ತೆಗೆದು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. “ನೋ ಪೇಪರ್ಸ್. ಐ ಆ್ಯಮ್ ರೆಡಿ,” ಎಂದ. ಓದುತ್ತಿದ್ದ ಪೊಲೀಸ್ ಹುಡುಗನ ಮುಖದಿಂದ ನಗು ಹೋಯಿತು. ಅವನು ಕಾಗದದಿಂದ ತಲೆಯೆತ್ತಿ ಸುತ್ತ ನೋಡಿದ, ಯಾರಾದರೂ ಇದನ್ನು ತನ್ನ ಕೈಯಿಂದ ತೆಗೆದುಕೊಳ್ಳಲಿ ಎಂಬಂತೆ. ಆಮೇಲೆ ಜೊತೆಯವನನ್ನು ಕರೆದ. ಇಬ್ಬರೂ ಮೆಲುದನಿಯಲ್ಲಿ ಮಾತಾಡಿಕೊಂಡರು, ತುಂಬ ಮರ್ಯಾದೆಯಿಂದ ಕಿಟ್ಟಣ್ಣನ ತೋಳು ಹಿಡಿದರು. ಸಾಲಿನಲ್ಲಿದ್ದವರು ಇದೂ ಆಟದ್ದೇ ಭಾಗವೆಂದು ಚಪ್ಪಾಳೆ ತಟ್ಟಿದರು. ವಾಮನ ಕಿಂಡಿಯೊಳಗೆ ನಿಂತೇ ಇದ್ದ. ಮಾರ್ಗ್ರೀತ್ ಟ್ರೇ ಬಿಸಾಡಿ ಅವರ ಹಿಂದೆ ಓಡಿದಳು.

ಅವಳು ಫೋನು ಮಾಡಿದ್ದು ಹತ್ತು ದಿನಗಳ ನಂತರ, ಒಂದು ಮಂಗಳವಾರ ಮಧ್ಯಾಹ್ನ. ಆ ಹತ್ತು ದಿನಗಳಲ್ಲಿ ಸೇತುವೆಯ ಗೂಡು ದೊಡ್ಡ ಸುದ್ದಿಯಾಗಿತ್ತು. ಸುಳ್ಳು ಗಡಿಯಲ್ಲಿ ನಿಜವಾದ ಬಂಧನ ಎಂದು ಎಲ್ಲರೂ ಬರೆದಿದ್ದರು. ಕಿಟ್ಟಣ್ಣನನ್ನು ವಿಮಾನ ನಿಲ್ದಾಣದ ಬಳಿಯ ಬಂಧನ ಕೇಂದ್ರದಲ್ಲಿ ಇಟ್ಟಿದ್ದರು. ಮಾರ್ಗ್ರೀತ್ ನಿದ್ದೆ ಮಾಡಿದಂತಿರಲಿಲ್ಲ. ವಕೀಲರನ್ನು ಹಿಡಿದಿದ್ದಾಳೆ, ಸಹಿ ಸಂಗ್ರಹಿಸಿದ್ದಾಳೆ, ಆದರೆ ಆ ಮನುಷ್ಯ ಯಾರೊಂದಿಗೂ ಮಾತಾಡುತ್ತಿಲ್ಲ. ಹಿಂದಿ ದುಭಾಷಿಯನ್ನು ಫೋನಿನಲ್ಲಿ ಕೊಟ್ಟರೂ ಸುಮ್ಮನಿದ್ದನಂತೆ. “ಪಾಸ್‌ಪೋರ್ಟಿನಲ್ಲಿ ಕರ್ನಾಟಕ ಅಂತಿದೆ. ಅದು ನಿಮ್ಮದೇ ಪ್ರದೇಶ ತಾನೆ? ನೀವು ಬಂದರೆ ಬಾಯಿ ಬಿಡಬಹುದು.” ಆ ಕಡೆ ಅವಳ ಉಸಿರು ಕೇಳುತ್ತಿತ್ತು. “ನನ್ನಿಂದ ಆದದ್ದು ಇದು, ವಾಮನ. ನಾನು ಆ ಗೂಡು ಕಟ್ಟದಿದ್ದರೆ ಅವನು ಆರಾಮವಾಗಿ ಸೈಕಲ್ ತುಳಿದುಕೊಂಡು ಹೋಗಿರುತ್ತಿದ್ದ.” ನಿನ್ನಿಂದ ಅಲ್ಲ ಎನ್ನಲು ಅವನಿಗೆ ಆಗಲೇ ಅವಕಾಶವಿತ್ತು. “ಎಷ್ಟು ಗಂಟೆಗೆ?” ಎಂದು ಕೇಳಿದ.

ಭೇಟಿಯ ಕೋಣೆಯಲ್ಲಿ ನಾಲ್ಕು ಮೇಜು, ಪ್ರತಿಯೊಂದರ ಮೇಲೂ ಒಂದು ಪ್ಲಾಸ್ಟಿಕ್ ಹೂ. ಕಾವಲಿನವಳು ಕಿಟ್ಟಣ್ಣನನ್ನು ಕರೆತಂದಳು. ಬೂದು ಸ್ವೆಟರ್ ಹಾಕಿದ್ದ. ಕೈಗಳು ಮಾತ್ರ ಕೆಲಸವಿಲ್ಲದೆ ಚಿಕ್ಕದಾದಂತೆ ಕಂಡವು. ವಾಮನನನ್ನು ಕಂಡು ಅವನಿಗೆ ಆಶ್ಚರ್ಯವಾದಂತಿರಲಿಲ್ಲ. ಕೈ ಮುಗಿದ.

“ನಮಸ್ಕಾರ ಸರ್,” ಎಂದ, ಕನ್ನಡದಲ್ಲಿ.

ಅವನ ಬಾಯಿಂದ ವಾಮನ ಕನ್ನಡ ಕೇಳಿದ್ದು ಅದೇ ಮೊದಲು. ಶಾಲೆಯಲ್ಲಿ ಕಲಿತ, ತಹಶೀಲ್ದಾರರ ಮುಂದೆ ಆಡುವಂಥ ಕನ್ನಡ. ವಾಮನ ತುಳುವಿನಲ್ಲಿ, “ಎಂಚ ಉಲ್ಲರ್ ಕಿಟ್ಟಣ್ಣ?” ಎಂದ. ಹೇಗಿದ್ದೀರಿ.

“ಚೆನ್ನಾಗಿದ್ದೇನೆ ಸರ್. ಊಟ ತಿಂಡಿ ಎಲ್ಲ ಕೊಡ್ತಾರೆ. ಈ ಅಮ್ಮ ಯಾಕೆ ಇಷ್ಟು ಕಷ್ಟಪಡ್ತಿದ್ದಾರೆ? ಬೇಡ ಅಂತ ಹೇಳಿ. ನಾನು ಊರಿಗೆ ಹೋಗ್ತೇನೆ. ಸಹಿ ಹಾಕಿ ಆಗಿದೆ.” ಸ್ವೆಟರಿನ ತೋಳು ಎಳೆದುಕೊಂಡು, “ನಿಮ್ಮ ಮೇಲೆ ನನಗೆ ಏನೂ ಇಲ್ಲ ಸರ್. ನಿಮ್ಮ ಡ್ಯೂಟಿ ನೀವು ಮಾಡಿದಿರಿ,” ಎಂದ.

ಮಾರ್ಗ್ರೀತ್ ಪುಸ್ತಕ ಬಿಡಿಸಿ ಪೆನ್ನು ಹಿಡಿದು ಇಬ್ಬರ ಮುಖವನ್ನೂ ನೋಡುತ್ತಿದ್ದಳು. ಒಂದು ನಿಮಿಷ, ಎಂದು ವಾಮನ ಅವಳಿಗೆ ಕೈ ತೋರಿಸಿದ.

“ಡ್ಯೂಟಿ ಅಲ್ಲ ಕಿಟ್ಟಣ್ಣ. ನಾನು ಆಫೀಸರ್ ಅಲ್ಲ. ಅದೆಲ್ಲ ನಿಜ ಅಲ್ಲ.” “ಅದು ಒಂದು ನಾಟಕ. ಈ ಅಮ್ಮನೇ ಮಾಡಿಸಿದ್ದು. ನಿಮ್ಮಂಥವರ ಪರವಾಗಿಯೇ ಮಾಡಿದ್ದು. ಆ ಗೂಡು, ಟೊಪ್ಪಿ, ನಂಬರು, ಎಲ್ಲ ಸುಳ್ಳು.”

ಕಿಟ್ಟಣ್ಣ ಕೇಳಿಸಿಕೊಂಡ. ಮೇಜಿನ ಮೇಲೆ ಬೆರಳಿನಿಂದ ಇಲ್ಲದ ಹಿಟ್ಟನ್ನು ಒಂದು ಕಡೆಗೆ ಒತ್ತರಿಸಿದ. ಕಾರಣ ತಿಳಿಯಬೇಕೆಂಬ ಆಸಕ್ತಿಯಷ್ಟೇ ಇದ್ದ ದನಿಯಲ್ಲಿ ಕೇಳಿದ:

“ಹಾಗಾದ್ರೆ ನಾನು ಎದ್ದು ಹೋಗಬಹುದಿತ್ತಾ?”

“ಹೌದು.”

“ಬೆಂಚಿನಿಂದ ಎದ್ದು, ಸೈಕಲ್ ತಗೊಂಡು.”

“ಹೌದು, ಕಿಟ್ಟಣ್ಣ.”

“ನಿಮಗೆ ಅದು ಗೊತ್ತಿತ್ತು.”

ಹೊರಗೆ ವಿಮಾನವೊಂದು ಏರುವ ಸದ್ದಿಗೆ ಗಾಜು ಸಣ್ಣಗೆ ನಡುಗಿತು. ಅದು ನಿಲ್ಲುವವರೆಗೆ ಮೂವರೂ ಕಾದರು. ಆಮೇಲೆ ಮಾರ್ಗ್ರೀತ್ ತಡೆಯಲಾರದೆ, “ಏನಂದರು? ಏನು ಕೇಳಿದರು?” ಎಂದಳು.

ಇದೇ ಆ ಕ್ಷಣ ಎಂದು ವಾಮನನಿಗೆ ಸ್ಪಷ್ಟವಾಗಿ ತಿಳಿಯಿತು. ಈ ಮನುಷ್ಯ ನನಗೆ ನಾಲ್ಕು ವರ್ಷದಿಂದ ಗೊತ್ತು, ಆ ಕಾಗದ ಓದಿ ಹೇಳಿದವನು ನಾನು, ಒಂದೂವರೆ ಗಂಟೆ ಅವನು ಕೂತದ್ದನ್ನು ನೋಡುತ್ತ ನಿಂತವನು ನಾನು. ಡಚ್ ವಾಕ್ಯಗಳು ತಲೆಯಲ್ಲಿ ಒಂದೊಂದಾಗಿ ಜೋಡಿಸಿಕೊಂಡು ನಿಂತವು, ಕ್ರಿಯಾಪದಗಳೂ ಸರಿಯಾದ ಜಾಗದಲ್ಲೇ ಇದ್ದವು. ಮಾರ್ಗ್ರೀತಳ ಕಣ್ಣಿನ ಕೆಳಗಿನ ಕಪ್ಪು ನೋಡಿದ. ಅಮಿತಾಳ ದಣಿವಿನ ದನಿ, ಇಲಾಖೆಯ ಮೇಜಿನ ಮೇಲಿನ ಅರ್ಜಿ, ಶ್ರೇಯಾ ಬುಧವಾರದ ತರಗತಿಯಿಂದ ಬರುವಾಗ ಇವಳ ಬಗ್ಗೆ ಆಡುವ ಮಾತು, ಎಲ್ಲ ಒಟ್ಟಿಗೆ ಬಂದು ಆ ವಾಕ್ಯಗಳ ಮುಂದೆ ನಿಂತವು.

“ಊರಿಗೆ ಹೋಗಬೇಕಂತೆ,” ಎಂದ. “ಹೋರಾಟ ಬೇಡವಂತೆ. ಮನೆಗೆ ಹೋಗಬೇಕು ಅನ್ನುತ್ತಿದ್ದಾರೆ. ಅಷ್ಟೇ.”

ಆ ಡಚ್ ಮಾತನ್ನು ಕಿಟ್ಟಣ್ಣ ಕತ್ತು ಸ್ವಲ್ಪ ಓರೆಮಾಡಿ ಕೇಳಿದ. ಏಳು ವರ್ಷ ಅಡುಗೆಮನೆಗಳಲ್ಲಿ ಕಿವಿಗೆ ಬಿದ್ದ ಭಾಷೆ. ಎಷ್ಟು ಅರ್ಥವಾಗುತ್ತದೆಂದು ಅವನು ಯಾರಿಗೂ ಹೇಳಿದ್ದಿಲ್ಲ. ವಾಮನನ ಕಡೆ ನೋಡಿದ. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ವಾಮನ ಬಚಾವಾಗುತ್ತಿದ್ದ. ಬಳಗದ ಊಟದಲ್ಲಿ ಎಲೆಗೆ ಹೆಚ್ಚು ಬಡಿಸಿಕೊಂಡು ತಿನ್ನಲಾರದೆ ಕೂತ ಮಗುವನ್ನು ನೋಡುವಾಗ, ಇರಲಿ ಬಿಡು, ಯಾರಿಗೂ ಹೇಳುವುದಿಲ್ಲ ಎನ್ನುವ ನೋಟ ಅದು. ಮಾರ್ಗ್ರೀತಳ ಕಡೆ ತಿರುಗಿ, “ಯಾ, ಮೆವ್ರೌ,” ಎಂದ ಕಿಟ್ಟಣ್ಣ. “ನಾರ್ ಹೌಸ್.” ಹೌದಮ್ಮ, ಮನೆಗೆ. ತಲೆಯಾಡಿಸಿ, ವಾಮನನ ಮಾತು ಪೂರ್ತಿ ಸರಿ ಎಂಬುದಕ್ಕೆ ಅವನ ಕಡೆ ಅಂಗೈ ತೋರಿಸಿದ.

ಮಾರ್ಗ್ರೀತ್ ಅತ್ತಳು. ಹೊರಟಾಗ ಅವನ ಎರಡೂ ಕೈ ಹಿಡಿದುಕೊಂಡಳು, ಕ್ಷಮಿಸಿ ಎಂದು ಡಚ್‌ನಲ್ಲೂ ಇಂಗ್ಲಿಷಿನಲ್ಲೂ ಹೇಳಿದಳು. ಕಿಟ್ಟಣ್ಣನಿಗೆ ಸಂಕೋಚವಾಗಿ, ಬಾಗಿಲಲ್ಲಿ ನಿಂತಿದ್ದ ಕಾವಲಿನವಳ ಕಡೆ ನೋಡಿ ನಕ್ಕ. ವಾಮನನಿಗೆ ಮತ್ತೆ ಕೈ ಮುಗಿದ. ಮುಂದಿನ ಬುಧವಾರದ ವಿಮಾನಕ್ಕೆ ಅವನನ್ನು ಹತ್ತಿಸಿದರು ಎಂದು ಆಮೇಲೆ ಜಲಜಾಕ್ಷಿಯ ಮೂಲಕ ತಿಳಿಯಿತು. ಅದು ಬೆಣ್ಣೆಹಣ್ಣು, ಹೂವುಗಳ ಪೆಟ್ಟಿಗೆ ಜಾಸ್ತಿ ಇದ್ದ ದಿನ; ವಾಮನ ರಾತ್ರಿಯಾಗುವ ಮುಂಚೆಯೇ ಎಲ್ಲದರ ಭಾರ ಹಂಚಿ ಮನೆಗೆ ಬಂದಿದ್ದ.

ಭೇಟಿ ಮುಗಿಸಿ ಬಂದಾಗ ಕೇಂದ್ರದ ಹೊರಗೆ ಗಾಳಿ ಜೋರಾಗಿತ್ತು. ಮಾರ್ಗ್ರೀತ್ ಕಾರಿನ ಬಾಗಿಲು ತೆರೆಯದೆ, ಅದಕ್ಕೇ ಒರಗಿ ಮೂಗು ಒರೆಸಿಕೊಂಡಳು.

“ನೀವಿಲ್ಲದಿದ್ದರೆ ಆ ಮನುಷ್ಯನ ಮಾತು ನಮಗೆ ತಿಳಿಯುತ್ತಲೇ ಇರಲಿಲ್ಲ,” ಎಂದಳು. “ಅವನು ನಿಮ್ಮನ್ನು ಎಷ್ಟು ನಂಬಿದ ನೋಡಿ. ಐದೇ ನಿಮಿಷದಲ್ಲಿ.”

ವಾಮನ ತಲೆ ತಗ್ಗಿಸಿದ. ಅವಳು ಅದನ್ನು ವಿನಯವೆಂದುಕೊಂಡಳು.

“ನವೆಂಬರಿನಲ್ಲಿ ಹೇಗ್‌ಗೆ ಕರೆದಿದ್ದಾರೆ. ಸಂಸತ್ತಿನ ಎದುರಿನ ಚೌಕದಲ್ಲಿ ಗೂಡು ಕಟ್ಟಬೇಕಂತೆ. ಬೇಡ ಅಂದುಕೊಂಡಿದ್ದೆ. ಆದರೆ ಈಗ ಅವನಿಗೋಸ್ಕರ ಮಾಡಲೇಬೇಕು ಅನ್ನಿಸುತ್ತಿದೆ, ಅವನ ಹೆಸರಲ್ಲಿ. ಆ ಕಿಂಡಿಯಲ್ಲಿ ನೀವೇ ನಿಲ್ಲಬೇಕು, ವಾಮನ. ನಿಮ್ಮ ಹಾಗೆ ಅದನ್ನು ಮಾಡುವವರು ಇನ್ನೊಬ್ಬರಿಲ್ಲ.” ತಲೆಯೆತ್ತಿ ಅವನ ಮುಖವನ್ನು, ಮೊದಲ ದಿನ ನೋಡಿದ್ದಕ್ಕಿಂತ ಎಷ್ಟೋ ಪ್ರೀತಿಯಿಂದ ನೋಡಿದಳು. “ಆಗುವುದಿಲ್ಲ ಅನ್ನಬೇಡಿ. ಅನ್ನುವುದಾದರೆ ಯಾಕೆ ಅಂತ ಹೇಳಬೇಕು.”

ಯಾಕೆ ಎಂದು ಹೇಳಲು ಅವನಿಗೆ ಒಂದೇ ಒಂದು ಕಾರಣವಿತ್ತು. ಅದನ್ನು ಬಾಯಲ್ಲಿ ಇಟ್ಟುಕೊಂಡು, ಗಾಳಿಗೆ ಕಣ್ಣು ಕಿರಿದು ಮಾಡಿ, ತಂತಿ ಬೇಲಿಯ ಆಚೆಯ ಕಿಟಕಿಗಳ ಸಾಲನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದ.

“ಯಾವ ತಾರೀಖು?” ಎಂದು ಕೇಳಿದ.